ತಂತಿಯ ಅನ್ವಯ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ಜಾತ್ರೆಯಾಗಲಿ, ಪುರಾಣಪ್ರವಚನವಾಗಲಿ, ಧ್ವನಿವರ್ಧಕವಿಲ್ಲದೆ ಸಾಗದು. 2023ರ ಜನವರಿಯಲ್ಲಿ ಹಾವೇರಿಯಲ್ಲಿ ನೆರೆದ 86ನೆಯ ಸಾಹಿತ್ಯ ಸಮ್ಮೇಳನದಂತಹ ಮಹಾಸಭೆಗಂತೂ ಅದೇ ಕಂಠ.

ವಾಕ್ಯದಲ್ಲಿ ಪದಗಳಿಗೆ ಅನ್ವಯವಿರುವಂತೆ ಈ ಯಂತ್ರದಲ್ಲಿ ತಂತಿಗಳಿಗೂ ಅನ್ವಯವುಂಟು. ಆಂಪ್ಲಿಫೈಯರಿನ ಧನಾಗ್ರವು ಸ್ಪೀಕರಿನ ಧನಾಗ್ರವನ್ನೂ, ಋಣಾಗ್ರವು ಋಣಾಗ್ರವನ್ನೂ ಸೇರಬೇಕು. ಜೋಡಿ ಸ್ಪೀಕರುಗಳಲ್ಲಿ ಒಂದು ತಿರುವುಮುರುವಾದರೆ, ಒಂದರ ಶಂಕು ಮುಂದಕ್ಕೆ ಚಾಚುವಾಗ ಇನ್ನೊಂದರದು ಹಿಂದಕ್ಕೆ ಸರಿದು, ಮಂದ್ರಸ್ವರಗಳು ಒಂದನ್ನೊಂದು ನುಂಗುವುವು.

8 ಓಮಿನ ಎರಡನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ತಡೆ 4 ಓಮು, ಸರಣಿಯಲ್ಲಿ 16. ಯಂತ್ರಕ್ಕೆ ವಿಧಿಸಿದ ಕನಿಷ್ಠಕ್ಕಿಂತ ತಡೆ ಇಳಿದರೆ ಪ್ರವಾಹವು ಮಿತಿಮೀರಿ ಅದು ಕಾದು ಕೆಡುವುದು. ಮೈದಾನದ ದೂರಕ್ಕೆ 100 ವೋಲ್ಟಿನ ಮಾರ್ಗವೇ ಲೇಸು. ಅಲ್ಲಿ ಪ್ರತಿ ಸ್ಪೀಕರಿಗೂ ಪರಿವರ್ತಕವಿರಬೇಕು, ವಾಟುಗಳ ಮೊತ್ತವು ಆಂಪ್ಲಿಫೈಯರಿನ ಶಕ್ತಿಯನ್ನು ಮೀರಬಾರದು. ಯಂತ್ರವನ್ನು ಆರಿಸಿಯೇ ತಂತಿ ಮುಟ್ಟುವುದು ವಿಹಿತ.

ಮಾತು ತಿಳಿಯದಿದ್ದಾಗ ಸದ್ದನ್ನು ಹೆಚ್ಚಿಸುವವರೇ ಬಹಳ. ತಂತಿಯನ್ನು ನೋಡುವವರು ವಿರಳ. ಆ ಸದ್ದಿನ ಭಾರವನ್ನು ಹೊರುವವರಾದರೋ ನೆರೆಮನೆಯ ರೋಗಿ, ಪರೀಕ್ಷೆಗೆ ಓದುವ ಬಾಲಕ. ಬ್ಯಾಡಗಿಯ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಸಭೆಯ ಧ್ವನಿಗೂ ಆ ಗುಣವೇ ಒಪ್ಪುವುದು.