ಒದ್ದೆ ಕುಂಡದಲ್ಲಿ ಬಾಯಾರಿದ ಗಿಡ

ಪರರ ವಸ್ತುವನ್ನು ವಿಶ್ವಾಸದಿಂದ ಕಾಯುವ ಹೊಣೆಯನ್ನು ನಾವು ಅಮಾನತ್ ಎನ್ನುತ್ತೇವೆ. ಆ ವಸ್ತು ಚಿನ್ನವೋ ಹಣವೋ ಆಗಿದ್ದರೆ ಒಂದು ಬೀಗದಿಂದ ಹೊಣೆಯ ಬಹುಪಾಲು ಮುಗಿಯುತ್ತದೆ. ಆದರೆ ಜೀವವಿರುವ ಗಿಡವೊಂದು ಅಮಾನತ್ತಾಗಿ ಬಂದರೆ? ಅದನ್ನು ಬೀಗ ಕಾಯದು. ಅದರ ಸ್ವಭಾವವನ್ನು ಅರಿತು ನಡೆದುಕೊಂಡರೆ ಮಾತ್ರ ಅದು ಉಳಿಯುತ್ತದೆ.

ಕಳೆದ ಮಳೆಗಾಲದ ಆರಂಭದಲ್ಲಿ ಮಂಗಳೂರಿನ ನಮ್ಮ ಮನೆಗೆ ಇಂತಹದೊಂದು ಅಮಾನತ್ತು ಬಂತು. ನೆರೆಮನೆಯ ವೃದ್ಧ ತಾಯಿಯೊಬ್ಬರು ಮಗನೊಂದಿಗೆ ವಾಸಿಸಲು ಸೌದಿಗೆ ಹೊರಟಾಗ ತಮ್ಮ ಆರ್ಕಿಡ್ ಗಿಡವನ್ನು ನಮಗೆ ಒಪ್ಪಿಸಿದರು. ತೀರಿಕೊಂಡ ಪತಿ ತಂದುಕೊಟ್ಟಿದ್ದ ಗಿಡವದು, ಫೆಲನಾಪ್ಸಿಸ್ ಜಾತಿಯದು. ಹಳೆಯ ಕುಂಡದ ತೊಗಟೆ ಚೂರುಗಳು ಕೊಳೆತು ಹುಡಿಯಾಗಿದ್ದುದರಿಂದ, ಹೊರಡುವ ಮುನ್ನ ಅವರು ನರ್ಸರಿಯೊಂದರಲ್ಲಿ ಅದನ್ನು ಹೊಸ ಕುಂಡಕ್ಕೆ ಬದಲಾಯಿಸಿದ್ದರು. ಆಗಲೇ ಹೂದಂಡಿನಲ್ಲಿ 5 ಮೊಗ್ಗುಗಳಿದ್ದವು. ಎರಡು ವಾರ ಕಳೆಯುವಷ್ಟರಲ್ಲಿ ಎಲೆಗಳು ಸುಕ್ಕುಗಟ್ಟಿ ಜೋತುಬಿದ್ದವು.

ನೋಡಿದವರೆಲ್ಲರೂ "ಗಿಡ ಬಾಯಾರಿದೆ, ನೀರು ಹಾಕಿ" ಎಂದರು. ಬಾಯಾರಿದ್ದು ನಿಜವೇ. ಆದರೆ ಕುಂಡವನ್ನು ಎತ್ತಿ ನೋಡಿದರೆ ಅದು ನೀರಿನಿಂದ ಭಾರವಾಗಿತ್ತು. ತುಂಬಿದ ಕುಂಡದಲ್ಲಿ ನಿಂತ ಗಿಡ ಬಾಯಾರುವುದೆಂದರೇನು?

ಉತ್ತರವಿರುವುದು ಬೇರಿನಲ್ಲಿ. ಮಲೆನಾಡಿನ ಮರಗಳ ಮೇಲೆ ಜೋತಾಡುವ ಸೀತಾಳೆ ದಂಡೆಯನ್ನು ಕಂಡವರಿಗೆ ಇದು ಬೇಗ ಅರ್ಥವಾದೀತು. ಅದೂ ಆರ್ಕಿಡ್ಡೇ. ಅದು ಬಂದಳಿಕೆಯಂತೆ ಮರದ ರಸವನ್ನು ಹೀರುವುದಿಲ್ಲ. ಮರವನ್ನು ಆಸರೆಯಾಗಿ ಮಾತ್ರ ಹಿಡಿದು, ಮಳೆ ಮತ್ತು ಗಾಳಿಯ ತೇವದಿಂದ ಬದುಕುತ್ತದೆ. ಆಗ್ನೇಯ ಏಷ್ಯಾದ ಕಾಡುಗಳಿಂದ ಬಂದ ಫೆಲನಾಪ್ಸಿಸ್‌ನ ಬದುಕೂ ಹಾಗೆಯೇ. ಅದರ ಬೇರಿನ ಸುತ್ತ ವೆಲಮೆನ್ ಎಂಬ ಸ್ಪಂಜಿನಂತಹ ಹೊದಿಕೆಯಿದೆ. ಮಳೆ ಬಂದಾಗ ಅದು ನೀರನ್ನು ಬೇಗನೆ ಹೀರಿಕೊಳ್ಳುತ್ತದೆ, ಮಳೆ ನಿಂತಾಗ ಗಾಳಿಗೆ ಒಣಗುತ್ತದೆ. ಸದಾ ಒದ್ದೆಯಲ್ಲಿದ್ದರೆ ಬೇರು ಉಸಿರಾಡಲಾಗದೆ ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಮೇಲಕ್ಕೆ ಕಳುಹಿಸದು. ಆದ್ದರಿಂದ ಎಲೆ ಒಣಗುತ್ತದೆ. ಎಲೆ ಒಣಗಿತೆಂದು ಮತ್ತೆ ನೀರೆರೆದರೆ ಉಳಿದ ಬೇರುಗಳೂ ನಾಶವಾಗುತ್ತವೆ.

ಗಿಡವನ್ನು ಕುಂಡದಿಂದ ಹೊರತೆಗೆದೆವು. ತೊಗಟೆಯ ಬದಲಿಗೆ ಕೆಂಪು ಮಣ್ಣು ಮತ್ತು ತೆಂಗಿನ ನಾರಿನ ಹುಡಿಯನ್ನು ಒತ್ತಿ ತುಂಬಲಾಗಿತ್ತು. ಬೇರುಗಳನ್ನು ತೊಳೆದು ಒಂದೊಂದಾಗಿ ಬೆರಳಿನಿಂದ ಒತ್ತಿ ನೋಡಿದೆವು. 11 ಬೇರುಗಳಲ್ಲಿ 8 ಬೇರುಗಳು ಮೆತ್ತಗಾಗಿ, ಒಳಗಿನ ನೂಲಿನಂತಹ ಎಳೆ ಮಾತ್ರ ಉಳಿದಿತ್ತು. 3 ಬೇರುಗಳು ಗಟ್ಟಿಯಾಗಿದ್ದವು. ಕತ್ತರಿಯನ್ನು ಬೆಂಕಿಯಲ್ಲಿ ಕಾಯಿಸಿ ಆರಿಸಿ, ಸತ್ತ ಬೇರುಗಳನ್ನು ಕತ್ತರಿಸಿ ತೆಗೆದು, ಗಾಯ ಒಣಗಲು ಒಂದು ದಿನ ಬಿಟ್ಟೆವು. ಬಳಿಕ ಉಳಿದ ಬೇರುಗಳಷ್ಟೇ ಹಿಡಿಸುವ, ಸುತ್ತಲೂ ರಂಧ್ರಗಳಿರುವ ಚಿಕ್ಕ ಕುಂಡದಲ್ಲಿ ತೊಗಟೆ ಮತ್ತು ಇದ್ದಿಲಿನ ಚೂರುಗಳ ನಡುವೆ ಅದನ್ನು ಕೂರಿಸಿದೆವು. ಅಲುಗಾಡಿದರೆ ಹೊಸ ಬೇರಿನ ಎಳೆಯ ತುದಿ ಮುರಿಯುವುದರಿಂದ ಗಿಡವನ್ನು ಒಂದು ಕಡ್ಡಿಗೆ ಸಡಿಲವಾಗಿ ಕಟ್ಟಿದೆವು.

ಇನ್ನು ಉಳಿದದ್ದು ಹೂದಂಡಿನ ಪ್ರಶ್ನೆ. ಫೆಲನಾಪ್ಸಿಸ್‌ಗೆ ಬೇರೆ ಕೆಲವು ಆರ್ಕಿಡ್‌ಗಳಂತೆ ನೀರನ್ನೂ ಆಹಾರವನ್ನೂ ಕೂಡಿಡುವ ಉಬ್ಬಿದ ಕಾಂಡವಿಲ್ಲ. 3 ಬೇರುಗಳ ಗಿಡ 5 ಹೂಗಳನ್ನು ಅರಳಿಸಹೊರಟರೆ ತನ್ನ ಎಲೆಗಳನ್ನೇ ಸವೆಸಬೇಕಾಗುತ್ತದೆ. ದಂಡನ್ನು ಕತ್ತರಿಸುವುದೇ ವಿವೇಕವಾಗಿತ್ತು. ಆದರೆ ಆ ಹೂಗಳ ಚಿತ್ರಕ್ಕಾಗಿ ಆ ತಾಯಿ ಪ್ರತಿ ಶುಕ್ರವಾರ ಕರೆ ಮಾಡುತ್ತಿದ್ದರು. ಹಳೆಯ ಚಿತ್ರವೊಂದನ್ನು ಕಳುಹಿಸಿ ಅವರನ್ನು ಸಮಾಧಾನಪಡಿಸೋಣವೆಂಬ ಸಲಹೆ ಮನೆಯಲ್ಲೇ ಬಂತು. ನಾವು ಒಪ್ಪಲಿಲ್ಲ. ಅಮಾನತ್ತಿನ ವಿಷಯದಲ್ಲಿ ಸುಳ್ಳು ಹೇಳಿದರೆ ಗಿಡ ಉಳಿದರೂ ವಿಶ್ವಾಸ ಉಳಿಯುವುದಿಲ್ಲ. ಇದ್ದುದನ್ನು ಇದ್ದಂತೆ ತಿಳಿಸಿ ಅವರ ಅನುಮತಿ ಕೇಳಿದೆವು. ಸ್ವಲ್ಪ ಹೊತ್ತು ಅವರು ಮಾತನಾಡಲಿಲ್ಲ. ನಂತರ, "ಕತ್ತರಿಸಿ. ಹೂ ಇನ್ನೊಂದು ವರ್ಷ ಬಂದೀತು, ಗಿಡ ಹೋದರೆ ಬರುವುದಿಲ್ಲ" ಎಂದರು.

ಅಲ್ಲಿಂದ ಮುಂದಿನದು ಕಾಯುವ ಕೆಲಸ. ಪೂರ್ವದ ಕಿಟಕಿಯ ಬಳಿ, ನೇರ ಬಿಸಿಲು ತಾಗದ ಬೆಳಕಿನಲ್ಲಿ ಗಿಡವನ್ನಿರಿಸಿದೆವು. ಒಣಗಿದ ಬೇರು ಬೆಳ್ಳಿಯ ಬಣ್ಣದ್ದು, ನೆನೆದದ್ದು ಹಸಿರು. ಬೆಳ್ಳಿಯ ಬಣ್ಣ ಕಂಡ ಮುಂಜಾನೆ ಮಾತ್ರ ನೀರು ಹಾಕಿದೆವು. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಅದನ್ನು ಬಟ್ಟೆಯಿಂದ ಒರೆಸಿದೆವು. ಹೊಸ ಬೇರಿಲ್ಲದ ಗಿಡಕ್ಕೆ ಗೊಬ್ಬರ ಹೊರೆಯಾಗುವುದರಿಂದ ಅದನ್ನು ಕೊಡಲಿಲ್ಲ. ಕರಾವಳಿಯ ಮಳೆಗಾಲದಲ್ಲಿ ಗಾಳಿಯೇ ತೇವವಾಗಿರುತ್ತದೆ. ಒಣಹವೆಯ ಊರುಗಳಲ್ಲಿ ಬೆಣಚುಕಲ್ಲು ತುಂಬಿದ ನೀರಿನ ತಟ್ಟೆಯ ಮೇಲೆ, ತಳ ನೀರಿಗೆ ತಾಗದಂತೆ ಕುಂಡವನ್ನಿಡಬಹುದು.

ದಿನಗಟ್ಟಲೆ ಏನೂ ಬದಲಾಗಲಿಲ್ಲ. ಮಕ್ಕಳು "ಸತ್ತುಹೋಯಿತೇ?" ಎಂದು ಕೇಳುತ್ತಿದ್ದರು. ಏಳನೆಯ ವಾರ, ಕೆಳಗಿನ ಎಲೆಯ ಬುಡದಿಂದ ಅಕ್ಕಿಕಾಳಿನಷ್ಟು ಹಸಿರು ತುದಿಯೊಂದು ಹೊರಬಂತು. ಅದು ಹೊಸ ಬೇರು. ಅದರ ಚಿತ್ರವನ್ನೇ ಸೌದಿಗೆ ಕಳುಹಿಸಿದೆವು. ಸುಕ್ಕುಗಟ್ಟಿದ ಹಳೆಯ ಎಲೆಗಳು ಪೂರ್ತಿ ಸರಿಯಾಗಲಿಲ್ಲ. ಆದರೆ ಚಳಿಗಾಲದ ಹೊತ್ತಿಗೆ ಮೂಡಿದ ಹೊಸ ಎಲೆ ಗಟ್ಟಿಯಾಗಿ, ಹೊಳಪಾಗಿ ನಿಂತಿತು.

ಆ ತಾಯಿಯೂ ಇಳಿವಯಸ್ಸಿನಲ್ಲಿ ಬೇರೆ ನೆಲಕ್ಕೆ ಹೋದವರು. "ಇಲ್ಲಿ ಎಲ್ಲವೂ ಇದೆ, ಮನಸ್ಸು ಮಾತ್ರ ಇನ್ನೂ ಕೂರಲಿಲ್ಲ" ಎಂದು ಮೊದಮೊದಲು ಹೇಳುತ್ತಿದ್ದರು. ನಮ್ಮ ಮನೆಗಳಿಗೂ ಹೀಗೆ ಬರುವವರಿದ್ದಾರೆ: ಹೊಸ ಸೊಸೆ, ಊರು ಬಿಟ್ಟುಬಂದ ಹಿರಿಯರು, ಶಾಲೆ ಬದಲಾದ ಮಗು. ಅವರು ಬಾಡಿದಂತೆ ಕಂಡಾಗ ಉಪದೇಶವನ್ನೂ ಉಪಚಾರವನ್ನೂ ಒಮ್ಮೆಲೇ ಸುರಿಯುವುದು ಸುಲಭ. ಅವರಿಗೆ ಉಸಿರಾಡಲು ಜಾಗವಿದೆಯೇ ಎಂದು ಮೊದಲು ನೋಡಬೇಕು. ಕುಂಡ ಬದಲಾಯಿಸಿದ ಗಿಡಕ್ಕೂ ಅಷ್ಟೇ: ನೀರಿನ ಚೊಂಬನ್ನು ಎತ್ತುವ ಮೊದಲು ಬೇರನ್ನು ನೋಡಿ.