ಇನ್ನೊಂದು ಸುತ್ತು

ಬಿಗಿಯಾದಷ್ಟೂ ಭದ್ರವೆಂಬ ನಂಬಿಕೆ ಕನ್ನಡನಾಡಿನ ಮನೆಗಳಲ್ಲಿ ಬಹು ಹಳೆಯದು. ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟುವ ಬಟ್ಟೆಯಿಂದ ಹಿಡಿದು ಪ್ರಯಾಣದ ಹಾಸಿಗೆಯ ಸುರುಳಿಯವರೆಗೆ, ಕಟ್ಟುವವರು ಒಮ್ಮೆ ಕಟ್ಟಿ, ಎಳೆದು ನೋಡಿ, ಸಮಾಧಾನವಾಗದೆ ಇನ್ನೊಂದು ಗಂಟು ಹಾಕುವರು. ಹಗ್ಗಕ್ಕೂ ಬಟ್ಟೆಗೂ ಇದರಿಂದ ಹಾನಿಯಿಲ್ಲ. ಬಿಚ್ಚುವವರಿಗೆ ಮಾತ್ರ ತೊಂದರೆ. ಲೋಹದ ವಿಷಯ ಹಾಗಲ್ಲ. ಲೋಹಕ್ಕೆ ಒಂದು ಮಿತಿಯುಂಟು. ಆ ಮಿತಿಯನ್ನು ದಾಟಿದ ಕ್ಷಣದಲ್ಲಿ ಬಿಗಿಯೆಂಬುದೇ ಇಲ್ಲವಾಗುವುದು.

ಮೈಸೂರಿನ ಸರಸ್ವತೀಪುರದಲ್ಲಿ ವಾಸವಾಗಿರುವ, ಕಾಲೇಜಿನಲ್ಲಿ ಬಹುಕಾಲ ಇತಿಹಾಸವನ್ನು ಬೋಧಿಸಿ ನಿವೃತ್ತರಾದ ಮೇಷ್ಟ್ರೊಬ್ಬರಿಗೆ ಈ ಸತ್ಯವು ಗೋಚರವಾದದ್ದು ಅರವತ್ತೆಂಟನೆಯ ವಯಸ್ಸಿನಲ್ಲಿ. ಅವರ ಬಳಿ 2004ರ ಒಂದು ಟೊಯೋಟಾ ಕೊರೊಲಾ ಕಾರು ಇದೆ. ಹದಿನೈದು ವರ್ಷ ತುಂಬಿದ ಮೇಲೆ ಒಮ್ಮೆ, ಅನಂತರ ಐದು ವರ್ಷಕ್ಕೆ ಇನ್ನೊಮ್ಮೆ ಅದರ ನೋಂದಣಿಯನ್ನು ನವೀಕರಿಸಿಕೊಂಡು ಬಂದಿರುವರು. ಮಕ್ಕಳು ದೂರದ ಊರುಗಳಲ್ಲಿರುವರು. ಮನೆಯಲ್ಲಿರುವವರು ಮೇಷ್ಟ್ರು, ಉಬ್ಬಸದ ತೊಂದರೆಯಿರುವ ಅವರ ಪತ್ನಿ, ಮತ್ತು ಈ ಕಾರು. ಕಾರನ್ನು ಮಾರಬೇಕೆಂದು ಹೇಳದ ನೆಂಟರಿಲ್ಲ. ಮೇಷ್ಟ್ರು ಮಾತ್ರ, ಇಷ್ಟು ವರ್ಷ ಕೈಕೊಡದ ವಸ್ತುವನ್ನು ವಯಸ್ಸಾಯಿತೆಂದು ಹೊರಹಾಕುವುದು ತಮ್ಮ ವಯಸ್ಸಿನವರಿಗೆ ಶೋಭಿಸದೆಂದು ನಕ್ಕು ಸುಮ್ಮನಾಗುವರು.

ಪೆಟ್ರೋಲು ಎಂಜಿನ್ನಿನಲ್ಲಿ ಅನಿಲವನ್ನು ಹೊತ್ತಿಸುವುದು ಸ್ಪಾರ್ಕ್ ಪ್ಲಗ್ಗಿನ ಕಿಡಿ. ಆ ಕಿಡಿ ಹಾರಬೇಕಾದರೆ ಹತ್ತಾರು ಸಾವಿರ ವೋಲ್ಟಿನ ಒತ್ತಡ ಬೇಕು. ಬ್ಯಾಟರಿಯಲ್ಲಿರುವುದಾದರೋ ಕೇವಲ 12 ವೋಲ್ಟು. ಈ ಅಂತರವನ್ನು ತುಂಬುವುದೇ ಇಗ್ನಿಷನ್ ಕಾಯಿಲು. ಕಬ್ಬಿಣದ ತಿರುಳಿನ ಸುತ್ತ ಎರಡು ತಂತಿಸುರುಳಿ. ಒಂದರಲ್ಲಿ ಹರಿಯುವ ವಿದ್ಯುತ್ತನ್ನು ತಟ್ಟನೆ ಕಡಿದರೆ ಇನ್ನೊಂದರಲ್ಲಿ ಭಾರಿ ಒತ್ತಡ ಹುಟ್ಟುವುದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಿದಾಗ ವೋಲ್ಟನ್ನು ಏರಿಸಿ ಕಳುಹಿಸಿದ ಯಂತ್ರವೂ ಇದೇ ಕುಲದ್ದು. ಹಿಂದಿನ ಅಂಬಾಸಡರ್, ಪದ್ಮಿನಿ ಕಾರುಗಳಲ್ಲಿ ಇಡೀ ಎಂಜಿನ್ನಿಗೆ ಒಂದೇ ಕಾಯಿಲು ಇದ್ದು, ಹುಟ್ಟಿದ ಶಕ್ತಿಯನ್ನು ಡಿಸ್ಟ್ರಿಬ್ಯೂಟರು ಸರದಿಯಂತೆ ನಾಲ್ಕು ಪ್ಲಗ್ಗುಗಳಿಗೂ ಹಂಚುತ್ತಿತ್ತು. ಅವಿಭಕ್ತ ಕುಟುಂಬದ ವ್ಯವಸ್ಥೆ ಎನ್ನಬಹುದು. ಕೊರೊಲಾದಂತಹ ಕಾರುಗಳು ಬರುವ ವೇಳೆಗೆ ಮನೆ ಭಾಗವಾಯಿತು: ಒಂದೊಂದು ಪ್ಲಗ್ಗಿನ ತಲೆಯ ಮೇಲೂ ಒಂದೊಂದು ಕಾಯಿಲು, ಅದನ್ನು ಎಂಜಿನ್ನಿನ ಅಲ್ಯೂಮಿನಿಯಮ್ ಮುಚ್ಚಳಕ್ಕೆ ಹಿಡಿದಿಡಲು 6 ಮಿಲಿಮೀಟರಿನ ಒಂದೇ ಒಂದು ಬೋಲ್ಟು.

ಆ ಬೋಲ್ಟಿಗೆ ಸಲ್ಲುವ ಬಿಗಿ ಕೇವಲ 9 ನ್ಯೂಟನ್ ಮೀಟರು. 10 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ ಒಂಬತ್ತು ಲೀಟರಿನಷ್ಟು ನೀರಿನ ಬಿಂದಿಗೆಯನ್ನು ತೂಗುಹಾಕಿದರೆ ಬೀಳುವ ಎಳೆತವೆಂದು ತಿಳಿದರೆ ಸಾಕು. ನಿತ್ಯ ಬಿಂದಿಗೆ ಎತ್ತುವವರಿಗೆ ಇದು ಏನೂ ಅಲ್ಲ. ಅಪಾಯವೂ ಅಲ್ಲಿಯೇ ಇರುವುದು. ಬೋಲ್ಟು ಉಕ್ಕಿನದು, ಅದು ಕೂರುವ ಕುಳಿ ಮೆದುವಾದ ಅಲ್ಯೂಮಿನಿಯಮ್ಮಿನದು. ಭಾರದ ಹೆಚ್ಚಿನ ಪಾಲನ್ನು ಥ್ರೆಡ್ಡಿನ ಮೊದಲ ಕೆಲವು ಸುತ್ತುಗಳೇ ಹೊರುವುವು. ಸಾಲದೆ, ಕಾವು ಏರಿದಾಗ ಅಲ್ಯೂಮಿನಿಯಮ್ಮು ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುವುದು. ಇಪ್ಪತ್ತು ವರ್ಷ ಕಾದು ತಣಿದ ಆ ಕುಳಿಯ ಮೇಲೆ ಬಲಪ್ರಯೋಗವು ಎಷ್ಟುಮಾತ್ರಕ್ಕೂ ಸಲ್ಲದು.

ಮೇಷ್ಟ್ರು ಪ್ಲಗ್ಗುಗಳನ್ನು ತಾವೇ ಬದಲಾಯಿಸಿದರು. ಮೂರನೆಯ ಕಾಯಿಲಿನ ಬೋಲ್ಟು ಬಿಗಿಯಾಗಿ ನಿಂತಿತ್ತು. ನಿಂತದ್ದನ್ನು ನೋಡಿಯೂ, ಇನ್ನೊಂದು ಸ್ವಲ್ಪ ಇರಲಿ ಎಂದು ಸ್ಪ್ಯಾನರನ್ನು ಒತ್ತಿದರು. ಕೈಗೆ ಒಮ್ಮೆಲೇ ಹಗುರವಾಯಿತು. ಬೋಲ್ಟು ಎತ್ತ ತಿರುಗಿಸಿದರೂ ತಿರುಗತೊಡಗಿತು. ಹೊರತೆಗೆದು ನೋಡಿದರೆ ಅದರ ಸುತ್ತುಗಳಲ್ಲಿ ಬೆಳ್ಳಿಯ ಎಳೆಯಂತೆ ಅಲ್ಯೂಮಿನಿಯಮ್ಮಿನ ಚೂರು ಸಿಕ್ಕಿಕೊಂಡಿತ್ತು. ಅದನ್ನು ಅವರು ಯಾರಿಗೂ ಹೇಳಲಿಲ್ಲ. ಎರಡು ಬಣ್ಣದ ಮುದ್ದೆಗಳನ್ನು ಕಲಸಿ ಹಚ್ಚುವ ಅಂಟು ಮನೆಯಲ್ಲಿತ್ತು. ಅದನ್ನೇ ಕುಳಿಗೆ ತುಂಬಿ, ಬೋಲ್ಟನ್ನು ಊರಿ, ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಮುಚ್ಚಿದರು. ಆರು ತಿಂಗಳು ಏನೂ ಆಗಲಿಲ್ಲ.

ಆಷಾಢದ ಒಂದು ಮಳೆಯ ರಾತ್ರಿ ಪತ್ನಿಗೆ ಉಸಿರು ಕಟ್ಟಿತು. ಆಸ್ಪತ್ರೆಗೆ ಹೋಗುವ ದಾರಿ ಹೆಚ್ಚು ದೂರದ್ದಲ್ಲ. ಅರ್ಧ ದಾರಿಯಲ್ಲಿ ಕಾರು ಮೈನಡುಗಿ ಕುಂಟತೊಡಗಿತು. ಅಂಟು ಬಿಟ್ಟು, ಕಾಯಿಲು ಪ್ಲಗ್ಗಿನಿಂದ ಮೇಲೆದ್ದು, ನಾಲ್ಕರಲ್ಲಿ ಮೂರೇ ಸಿಲಿಂಡರು ಕೆಲಸಮಾಡುತ್ತಿದ್ದವು. ಹಿಂದಿನ ಸೀಟಿನಲ್ಲಿ ಪತ್ನಿಯ ಉಸಿರಿನ ಶಬ್ದ, ಮುಂದೆ ಎಂಜಿನ್ನಿನ ಶಬ್ದ, ಎರಡೂ ಒಂದೇ ತೆರನಾಗಿ ಎಡವುತ್ತಿದ್ದವು. ಹೇಗೋ ತಲಪಿದರು. ಬೆಳಗಾಗುವುದರೊಳಗೆ ಆಕೆ ಸುಧಾರಿಸಿಕೊಂಡರು. ಮೇಷ್ಟ್ರು ಮಾತ್ರ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ತಮ್ಮ ಬಲಗೈಯನ್ನು ನೋಡಿಕೊಳ್ಳುತ್ತಿದ್ದರು.

ನಾಲ್ಕು ದಿನಗಳ ಅನಂತರ ಮನೆಗೆ ಬಂದ ಮೇಸ್ತ್ರಿ, ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಕೆಲಸ ಕಲಿತವರು. 1961ರಿಂದ ಜಾವಾ, 1973ರಿಂದ ಯೆಜ್ಡಿ ಎಂಬ ಹೆಸರಿನ ಮೋಟಾರು ಸೈಕಲ್ಲುಗಳು ಮೈಸೂರಿನಿಂದ ದೇಶಕ್ಕೆಲ್ಲ ಹೋದದ್ದು ಅಲ್ಲಿಂದಲೇ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಕಲಿತ ಕೈಗಳು ಊರಿನ ಬೀದಿಬೀದಿಯ ಶೆಡ್ಡುಗಳಲ್ಲಿ ಉಳಿದವು. (ಮೇಷ್ಟ್ರು ಎಂಬುದು ಇಂಗ್ಲಿಷಿನ ಮಾಸ್ಟರಿನಿಂದಲೂ, ಮೇಸ್ತ್ರಿ ಎಂಬುದು ಪೋರ್ಚುಗೀಸರ ಮೆಸ್ತ್ರಿಯಿಂದಲೂ ಬಂದ ಮಾತುಗಳು, ಎರಡಕ್ಕೂ ಮೂಲ ಲ್ಯಾಟಿನ್ನಿನ ಒಂದೇ ಪದ. ಇವರಲ್ಲಿ ಯಾರು ಯಾರಿಗೆ ಗುರುವೆಂಬುದು ಆ ದಿನ ಸ್ಪಷ್ಟವಾಗಿತ್ತು.)

ಮೇಸ್ತ್ರಿ ಹೊದಿಕೆಯನ್ನು ತೆಗೆದು, ಕುಳಿಯ ಸುತ್ತ ಗಟ್ಟಿಯಾಗಿದ್ದ ಅಂಟನ್ನು ಉಗುರಿನಿಂದ ಕೆರೆದು, "ಇದಕ್ಕೆ ಮೊದಲು ಕೈ ಹಾಕಿದವರು ಯಾರು ಸಾರ್?" ಎಂದರು.

"ಯಾವನೋ ಹುಡುಗ," ಎಂದರು ಮೇಷ್ಟ್ರು.

ಮೇಸ್ತ್ರಿ ಮತ್ತೆ ಕೇಳಲಿಲ್ಲ. ದಪ್ಪನೆಯ ಬೋಲ್ಟು ಹಾಕಬಹುದಾದರೂ ಅದು ಕಾಯಿಲಿನ ಕಿವಿಯ ತೂತಿನಲ್ಲಿ ಹಿಡಿಸದು. ಉದ್ದನೆಯದನ್ನು ಹಾಕಲು ಕುಳಿಗೆ ಅಷ್ಟು ಆಳವಿಲ್ಲ. ಉಳಿದ ಮಾರ್ಗ ಹೆಲಿಕಾಯಿಲು: ತುಕ್ಕು ಹಿಡಿಯದ ಉಕ್ಕಿನ ತಂತಿಯನ್ನು ಬುಗುರಿಯ ದಾರದಂತೆ ಸುತ್ತಿ ಮಾಡಿದ ಪುಟ್ಟ ಸುರುಳಿ. ಕುಳಿಯನ್ನು ಹಿಗ್ಗಿಸಿ, ಹೊಸ ಥ್ರೆಡ್ಡು ಕೊರೆದು, ಈ ಸುರುಳಿಯನ್ನು ಒಳಗೆ ಕೂರಿಸಿದರೆ ಹಳೆಯ ಬೋಲ್ಟೇ ಅದರೊಳಗೆ ಹೊಂದುವುದು. ಬೋಲ್ಟು ಈಗ ಉಕ್ಕನ್ನು ಹಿಡಿಯುವುದು. ಅಲ್ಯೂಮಿನಿಯಮ್ಮಿನ ಮೇಲೆ ಬೀಳುವ ಭಾರ ಮೊದಲಿಗಿಂತ ಅಗಲವಾಗಿ ಹರಡುವುದರಿಂದ, ಸರಿಯಾಗಿ ಕೂರಿಸಿದ್ದು ಮೂಲಕ್ಕಿಂತಲೂ ಗಟ್ಟಿ.

ಸರಿಯಾಗಿ ಎಂಬ ಮಾತಿನಲ್ಲಿಯೇ ಎಲ್ಲವೂ ಅಡಗಿರುವುದು. ಕುಳಿಯ ತಳ ತೆಳು. ಅದರಡಿಯಲ್ಲಿ ಎಣ್ಣೆಯಲ್ಲಿ ಮಿಂದು ತಿರುಗುವ ಕ್ಯಾಮ್‌ಶಾಫ್ಟು. ಒಂದು ಚೂರು ಲೋಹ ಒಳಗೆ ಬಿದ್ದರೆ ಎಂಜಿನ್ನಿಗೆ ಸಂಚಕಾರ. ಮುಚ್ಚಳವನ್ನೇ ಕಳಚಿ ಮೇಜಿನ ಮೇಲಿಟ್ಟು ಮಾಡುವುದು ನಿರಪಾಯ; ಆದರೆ ಅದಕ್ಕೆ ಹೊಸ ಗ್ಯಾಸ್ಕೆಟ್ಟು, ಇಡೀ ದಿನದ ಕೆಲಸ. ತಳ ಒಡೆದಿಲ್ಲವೆಂಬುದನ್ನು ಸಣ್ಣ ತಂತಿಯಿಂದ ಮುಟ್ಟಿ ನೋಡಿದ ಮೇಲೆಯೇ ಮೇಸ್ತ್ರಿ ಮುಚ್ಚಳವನ್ನು ಕಳಚದಿರಲು ಒಪ್ಪಿದರು. ಬ್ಯಾಟರಿಯ ತಂತಿಯನ್ನು ಬಿಚ್ಚಿದರು. ಕಾಯಿಲನ್ನು ಎತ್ತಿ, ಪ್ಲಗ್ಗಿನ ಬಾವಿಗೆ ಬಟ್ಟೆ ತುರುಕಿದರು. 6.3 ಮಿಲಿಮೀಟರಿನ ಡ್ರಿಲ್ಲಿಗೆ ಆಳದ ಗುರುತಾಗಿ ಟೇಪು ಸುತ್ತಿ, ಯಂತ್ರಕ್ಕೆ ಕೊಡದೆ ಕೈಯಿಂದಲೇ ತಿರುಗಿಸಿದರು. ಟ್ಯಾಪಿನ ಕಾಲುವೆಗಳಿಗೆ ಗ್ರೀಸು ತುಂಬಿದರು, ಚೂರುಗಳು ಅದಕ್ಕೆ ಅಂಟಲೆಂದು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಆಗಾಗ ಹೊರತೆಗೆದು ಒರೆಸಿ, ಮತ್ತೆ ಗ್ರೀಸು. ಮೇಷ್ಟ್ರು ಟಾರ್ಚು ಹಿಡಿದು ನಿಂತಿದ್ದರು. ಧೂಳು ಹೀರುವ ಯಂತ್ರದಿಂದ ಕುಳಿಯನ್ನು ಶುಚಿಮಾಡಿ, ಸುರುಳಿಯನ್ನು ಮೇಲ್ಮೈಗಿಂತ ಅರ್ಧ ಸುತ್ತು ಕೆಳಗೆ ನಿಲ್ಲುವಂತೆ ಕೂರಿಸಿದರು. ಸುರುಳಿಯ ತಳದಲ್ಲಿ ಅದನ್ನು ತಿರುಗಿಸುವುದಕ್ಕಾಗಿ ಒಂದು ನಾಲಿಗೆಯಿರುವುದು. ಅದನ್ನು ಮುರಿದು, ಚಿಮಟದಿಂದ ಎತ್ತಿ, ಮೇಷ್ಟ್ರ ಅಂಗೈ ಮೇಲಿಟ್ಟರು. ಅಕ್ಕಿಯ ನುಚ್ಚಿಗಿಂತ ದೊಡ್ಡದಲ್ಲ.

"ಇದು ಹೊರಗೆ ಬಂತು ಅನ್ನೋದನ್ನ ಕಣ್ಣಲ್ಲಿ ನೋಡಬೇಕು ಸಾರ್. ಬಂದಿರಬಹುದು ಅಂದರೆ ಆಗೋದಿಲ್ಲ."

ಅಷ್ಟರಲ್ಲಿ ಕಾಫಿ ತಂದ ಗೃಹಿಣಿ, "ಮೇಸ್ತ್ರಿಗಳೇ, ಆ ಹುಡುಗ ಯಾರು ಅಂತ ಗೊತ್ತಾದರೆ ಹೇಳಿ. ಇನ್ನು ಅವನ ಕೈಗೆ ಗಾಡಿ ಕೊಡಬಾರದು," ಎಂದರು.

ಮೇಸ್ತ್ರಿ ಚಿಮಟವನ್ನು ಒರೆಸುವುದರಲ್ಲಿ ಮಗ್ನರಾದರು. ಮೇಷ್ಟ್ರು ಅಂಗೈಯ ಚೂರನ್ನು ನೋಡುತ್ತ, "ಹುಡುಗ ಅಲ್ಲ, ನಾನೇ," ಎಂದರು. ಕ್ಷಣ ತಡೆದು, "ಆವತ್ತು ರಾತ್ರಿ ದಾರೀಲಿ ಆದದ್ದೂ ಅದರಿಂದಲೇ," ಎಂದರು.

"ಅಡುಗೆಮನೆ ಕೊಳಾಯಿಗೆ ಅಂತ ತರಿಸಿದ್ದ ಅಂಟು ಡಬ್ಬದಲ್ಲಿ ಅರ್ಧವೂ ಇರಲಿಲ್ಲ," ಎಂದರು ಆಕೆ. "ಕೊಳಾಯಿ ಸೋರೋದು ನಿಂತಿರಲಿಲ್ಲ. ನೀವಾಗಿ ಹೇಳ್ತೀರಿ ಅಂತ ಕಾದೆ." ಲೋಟಗಳನ್ನು ಜಗಲಿಯ ಮೇಲಿಟ್ಟು ಅಲ್ಲಿಯೇ ಕುಳಿತರು.

ಮೇಸ್ತ್ರಿ ಕಾಯಿಲನ್ನು ಅದರ ಸ್ಥಾನಕ್ಕೆ ಒತ್ತಿ, ಬೋಲ್ಟನ್ನು ಬೆರಳಿನಿಂದ ಹತ್ತಿಸಿ, 10ರ ಸ್ಪ್ಯಾನರನ್ನು ಮೇಷ್ಟ್ರ ಕಡೆಗೆ ಚಾಚಿದರು. ಮೇಷ್ಟ್ರು ಹಿಂಜರಿದರು. "ತುದಿ ಹಿಡೀಬೇಡಿ, ಕತ್ತಿನ ಹತ್ತಿರ ಹಿಡೀರಿ. ಎರಡೇ ಬೆರಳು." ಮೇಷ್ಟ್ರು ತಿರುಗಿಸಿದರು, ಬೋಲ್ಟು ಕಾಯಿಲಿನ ಕಿವಿಯನ್ನು ಮುಟ್ಟಿ ನಿಂತಿತು. ಕೈ ಇನ್ನೊಂದು ಸ್ವಲ್ಪಕ್ಕೆ ತಾನಾಗಿ ಸಿದ್ಧವಾದುದನ್ನು ಮೂವರೂ ಕಂಡರು. ಅವರು ಸ್ಪ್ಯಾನರನ್ನು ತೆಗೆದು ಕೆಳಗಿಟ್ಟರು. ಮೇಸ್ತ್ರಿ ಟಾರ್ಕ್ ರೆಂಚನ್ನು 9ಕ್ಕೆ ತಿರುಗಿಸಿ ಬೋಲ್ಟಿನ ಮೇಲಿಟ್ಟು ಎಳೆದರು. ಕೂದಲೆಳೆಯಷ್ಟು ಸರಿದು, ಕಟ್ಟೆಂದಿತು.

ಎಂಜಿನ್ನು ಹೊತ್ತಿ ಸಮನಾಗಿ ಉಸಿರಾಡತೊಡಗಿದ ಮೇಲೆ ಮೇಸ್ತ್ರಿ ಕೈತೊಳೆಯಲು ಒಳಗೆ ಹೋದರು, ಬರುವುದು ತಡವಾಯಿತು. ಅಡುಗೆಮನೆಯ ಕೊಳಾಯಿಯ ಕೆಳಗೆ ಕುಳಿತು, ಅದರ ವಾಷರು ಯಾವ ಅಳತೆಯದೆಂದು ನೋಡುತ್ತಿದ್ದರು.