ಇನ್ನೂ ನೆರಳಿದೆ ಸರ್

ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ಸಲ, ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಹೊತ್ತಿಗೆ, ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಆ ಗಳಿಗೆಯಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಅಂಥದೊಂದು ಏಪ್ರಿಲ್ ದಿನ ನಮ್ಮ ಬಡಾವಣೆಯ ಶಾಲಾ ಮೈದಾನದಲ್ಲಿ ವಿಜ್ಞಾನ ಹಬ್ಬ ಇಟ್ಟುಕೊಂಡಿದ್ದೆವು. ಟಿಕೆಟ್ ಇಲ್ಲ, ಅಜ್ಜಿಯಿಂದ ಮೊಮ್ಮಗುವಿನವರೆಗೆ ಯಾರು ಬೇಕಾದರೂ ಬರಬಹುದು. ಒಂದು ಕಡೆ, ಸಣ್ಣ ತೂತಿನ ಕಾಗದ ಅಂಟಿಸಿದ ಕನ್ನಡಿ ಹಿಡಿದು ಸೂರ್ಯನ ಬಿಂಬವನ್ನು ಕತ್ತಲೆ ಕೋಣೆಯ ಗೋಡೆಗೆ ಬೀಳಿಸುತ್ತಿದ್ದರು. ನೆರಳಿನ ಉಸ್ತುವಾರಿ ನನ್ನದು.

ಮಕ್ಕಳಿಗೆ ಒಂದಡಿ ಪಿವಿಸಿ ಪೈಪಿನ ತುಂಡು, ಬಿಳಿ ಡ್ರಾಯಿಂಗ್ ಹಾಳೆ, ಪೆನ್ಸಿಲ್ ಕೊಟ್ಟಿದ್ದೆ. "ಸರಿಯಾಗಿ ಹನ್ನೆರಡಕ್ಕೆ ನೆರಳು ಮಾಯ" ಅಂತ ಬೆಳಗ್ಗೆಯಿಂದ ಮೈಕಿನಲ್ಲಿ ಹೇಳಿದ್ದೇ ಹೇಳಿದ್ದು. ನಡುಮಧ್ಯಾಹ್ನ ಅಂದರೆ ಹನ್ನೆರಡು ಗಂಟೆ. ಅದರಾಚೆ ಯೋಚನೆ ಮಾಡಿರಲಿಲ್ಲ. ಹನ್ನೆರಡೂ ಕಾಲಿಗೆ ಊಟ ಅಂತ ಪಟ್ಟಿಯಲ್ಲಿ ಹಾಕಿಸಿದವನೂ ನಾನೇ.

ಹನ್ನೆರಡಾಯಿತು. ಚಪ್ಪಾಳೆ ತಟ್ಟಿಸಿದೆ. ಆಗ ಒಬ್ಬ ಹುಡುಗಿ, ಹತ್ತು ವರ್ಷ ಇರಬಹುದು, ಹಾಳೆಯಿಂದ ಕಣ್ಣು ಕೀಳದೆ ಹೇಳಿದಳು: "ಇನ್ನೂ ನೆರಳಿದೆ ಸರ್."

ಬಗ್ಗಿ ನೋಡಿದೆ. ಪೈಪಿನ ಬುಡದಿಂದ ಪಡುವಣಕ್ಕೆ ಎರಡು ಸೆಂಟಿಮೀಟರಿನಷ್ಟು ಕಪ್ಪು ಪಟ್ಟಿ, ಅಂಚು ಗೆರೆ ಎಳೆದಷ್ಟು ಸ್ಪಷ್ಟ. ನನಗೂ ಕಂಡಿತು. ಆದರೂ ಬಾಯಿಂದ ಬಂದದ್ದು, "ಪೈಪ್ ಸೊಟ್ಟಗಿಟ್ಟಿದ್ದೀಯಮ್ಮ." ಪೈಪನ್ನು ನಾನೇ ಹಿಡಿದು ವಾಲಿಸಿ, ನೆರಳು ಮರೆಯಾಗುವಂತೆ ಮಾಡಿ, "ನೋಡು, ಎಲ್ಲಿದೆ?" ಅಂದೆ. ಸುತ್ತ ನಿಂತಿದ್ದ ಮಕ್ಕಳನ್ನೂ ಕೇಳಿದೆ. "ಇಲ್ಲ ಸರ್" ಅಂದರು ಎಲ್ಲರೂ, ತಮ್ಮ ತಮ್ಮ ಹಾಳೆಯ ಮೇಲೆ ನೆರಳು ಬಿದ್ದಿದ್ದರೂ. ಇಂದಿಗೂ ನನ್ನನ್ನು ಕಾಡುವುದು ಆ ಮಕ್ಕಳ ಒಕ್ಕೊರಲು.

ಜನ ಚಿತ್ರಾನ್ನದ ಸಾಲಿಗೆ ಹೋದರು. ಹುಡುಗಿ ಏಳಲಿಲ್ಲ, ಅವಳಜ್ಜಿ ಸೆರಗು ತಲೆಗೆಳೆದುಕೊಂಡು ಪಕ್ಕದಲ್ಲೇ ಕೂತರು. ಪೈಪನ್ನು ಮತ್ತೆ ನೆಟ್ಟಗೆ ನಿಲ್ಲಿಸಿ, ನೆರಳಿನ ತುದಿಗೆ ಪೆನ್ಸಿಲಿನಿಂದ ಗುರುತು ಹಾಕುತ್ತಾ ಹೋದಳು. ಸ್ವಲ್ಪ ಹೊತ್ತಿಗೆ ಮೈದಾನದಾಚೆಯಿಂದ ಕೂಗು: "ಸರ್, ಈಗ ಹೋಯ್ತು!" ತಟ್ಟೆ ಇಟ್ಟು ಓಡಿದೆ. ಪೈಪಿನ ಸುತ್ತ ಬರೀ ಬಿಳಿ ಹಾಳೆ. ನನ್ನ ವಾಚಿನಲ್ಲಿ 12:18. ನೋಡುನೋಡುತ್ತಿದ್ದಂತೆ ಮೂಡಣದ ಕಡೆಗೆ ಹೊಸ ನೆರಳು ಇಣುಕಿತು.

"ಅವಾಗ ಯಾಕೆ ಇಲ್ಲ ಅಂದ್ರಿ?" ಕೇಳಿದಳು. ಕೋಪವೇನೂ ಇರಲಿಲ್ಲ, ತಿಳಿದುಕೊಳ್ಳಬೇಕಿತ್ತು ಅಷ್ಟೆ. "ನಾನು ಹೇಳಿದ್ದು ತಪ್ಪು. ನೀನು ನೋಡಿದ್ದೇ ಸರಿ" ಅಂದೆ. ಆದರೆ ಆ ಮಾತು ಕೇಳಬೇಕಾಗಿದ್ದ ಮಿಕ್ಕ ಮಕ್ಕಳು ಅಲ್ಲಿರಲಿಲ್ಲ.

ಹನ್ನೆರಡಕ್ಕೆ ನೆರಳು ಹೋಗದಿದ್ದುದರ ಕಾರಣ ಸರಳ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕಕ್ಕೆ. ಬೆಂಗಳೂರು ಇರುವುದು 77.6ರಲ್ಲಿ. ಒಂದು ಡಿಗ್ರಿ ದಾಟಲು ಸೂರ್ಯನಿಗೆ ನಾಲ್ಕು ನಿಮಿಷ ಬೇಕು. ಇದು ನನಗೆ ಗೊತ್ತಿಲ್ಲದ್ದಲ್ಲ. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂದು ಜೀವನವಿಡೀ ಹೇಳಿದ ಎಚ್. ನರಸಿಂಹಯ್ಯನವರ ಊರಿನವನು ನಾನು. ಅದೇ ಮಾತನ್ನು ಅಂದು ಬೆಳಗ್ಗೆ ಮೈಕಿನಲ್ಲೂ ಆಡಿದ್ದೆ. ಮಗುವೊಂದು ನಿಜಕ್ಕೂ ಪ್ರಶ್ನಿಸಿದಾಗ ನನಗೆ ದೊಡ್ಡದಾಗಿ ಕಂಡದ್ದು ನೆರೆದ ಜನರ ಮುಂದಿನ ನನ್ನ ಮರ್ಯಾದೆ. ಪೈಪನ್ನು ಮಕ್ಕಳ ಕೈಗೆ ಕೊಟ್ಟಿದ್ದೆ, ಉತ್ತರವನ್ನು ಮಾತ್ರ ನನ್ನ ಬಳಿಯೇ ಇಟ್ಟುಕೊಂಡಿದ್ದೆ.

ಆಗಸ್ಟ್ 18ಕ್ಕೆ ಮತ್ತೆ ಅವಕಾಶವಿದೆ. ಆಗ ಬೆಂಗಳೂರಿನಲ್ಲಿ ನೆರಳು ಹೋಗುವುದು ಇನ್ನೂ ತಡ, 12:24ರ ಸುಮಾರಿಗೆ. ನಮ್ಮ ಏಪ್ರಿಲ್ ದಿನ ಕಳೆದ ಮೇಲೆ ಹುಬ್ಬಳ್ಳಿಯವರು ಮೇ ಮೊದಲ ವಾರದವರೆಗೆ ಕಾಯಬೇಕು, ಕಲಬುರಗಿಯವರು ಎರಡನೇ ವಾರದವರೆಗೆ. ಅರ್ಧ ಗಂಟೆ ಮೊದಲೇ ಮಕ್ಕಳನ್ನು ಹಾಳೆಯ ಮುಂದೆ ಕೂರಿಸಿ, ಪೆನ್ಸಿಲ್ ಕೊಡಿ. ಹೊತ್ತು ಎಷ್ಟೆಂದು ಅವರೇ ನಿಮಗೆ ಹೇಳಲಿ.